ಸ್ಕ್ರೂಗಳೆಲ್ಲ ಒಂದೇ ದಿಕ್ಕಿಗೆ

"ಅದನ್ನ ಮುಟ್ಬೇಡಿ!"

ಅವಳು ಕೂಗುವಷ್ಟರಲ್ಲಿ ಅವನು ಮುಟ್ಟಿಯಾಗಿತ್ತು.

ರಿಪೇರಿ ಬೆಂಚಿನ ಮೇಲಿದ್ದ ಗ್ರಾಮಫೋನಿನ ಹೊಟ್ಟೆಯೊಳಗಿನ ದುಂಡು ಡಬ್ಬಿಯಿಂದ ಉಕ್ಕಿನ ಸ್ಪ್ರಿಂಗ್ ಬುಸ್ಸೆಂದು ಹೊರಗೆ ಹಾರಿತು. ಒಳಗಿದ್ದ ಹಳೇ ಕಪ್ಪು ಗ್ರೀಸ್ ಇಬ್ಬರ ಮುಖಕ್ಕೂ ಸಮಪಾಲಾಗಿ ಹಂಚಿಹೋಯಿತು.

"ಇದು... ನಮ್ಮ ತಾತಂದು," ಎಂದ ಅವನು ಮೆಲ್ಲಗೆ.

"ಪೆಟ್ಟಿಗೆ ತಾತಂದು, ಸರಿ. ಬೆರಳು ಯಾರದು?"

ಅವನು ನಕ್ಕುಬಿಟ್ಟ. ಕಪ್ಪು ಮುಖದಲ್ಲಿ ಹಲ್ಲು ಮಾತ್ರ ಬೆಳ್ಳಗೆ!

'ಅಯ್ಯೋ, ಬೈಯೋಕೆ ಅಂತ ಬಾಯಿ ತೆಗೆದವಳು ನಾನ್ಯಾಕೆ ನಗ್ತಿದೀನಿ?' ಅವಳಿಗೆ ತನ್ನ ಮೇಲೆಯೇ ಸಿಟ್ಟು ಬಂತು.

ಮುಟ್ಟಿದರೆ ಹಾರುತ್ತಾಳೆಂದು ಬೀದಿಯವರೆಲ್ಲ ಅವಳಿಗೆ ಸ್ಪ್ರಿಂಗಮ್ಮ ಎಂದೇ ಹೆಸರಿಟ್ಟಿದ್ದರು. ಅವನು ಹಿಂದಿನ ಬೀದಿಯ ಸಲೂನಿನವನು. ಜೇಬಿನಲ್ಲಿ ಸದಾ ಒಂದು ಕತ್ತರಿ.

ಅಂಗಡಿ ಬಾಗಿಲ ಬಳಿ ಕುರ್ಚಿ ಹಾಕಿಕೊಂಡಿದ್ದ ಅವಳ ಅಪ್ಪ ಕೈಯಲ್ಲಿ ಪೇಪರ್ ಹಿಡಿದು, ಪೇಪರೊಂದನ್ನು ಬಿಟ್ಟು ಮಿಕ್ಕಿದ್ದನ್ನೆಲ್ಲ ನೋಡುತ್ತಿದ್ದ. ರಿಪೇರಿ ಬೆಂಚನ್ನು ಮಗಳಿಗೆ ಬಿಟ್ಟುಕೊಟ್ಟು ಇನ್ನೂ ವರ್ಷವಾಗಿರಲಿಲ್ಲ. ಆದರೆ ಕಣ್ಣನ್ನು ಮಾತ್ರ ಬಿಟ್ಟುಕೊಟ್ಟಿರಲಿಲ್ಲ!

ಅವಳು ಸ್ಪ್ರಿಂಗನ್ನು ಸೀಮೆಎಣ್ಣೆಯಲ್ಲಿ ತೊಳೆದು, ಹೊಸ ಗ್ರೀಸ್ ಸವರಿ, ಸುರುಳಿ ಸುತ್ತಿ ಕೂರಿಸಿದಳು. ಮುಚ್ಚಳದ ಸ್ಕ್ರೂಗಳನ್ನು ಬಿಗಿದು, ಅವುಗಳ ಗೀರುಗಳೆಲ್ಲ ಒಂದೇ ದಿಕ್ಕಿಗೆ ಬರುವಂತೆ ನಿಲ್ಲಿಸಿದಳು. ಅದು ಅಪ್ಪ ಕಲಿಸಿದ ಪಾಠ. ಗಿರಾಕಿಗೆ ಅದು ಕಾಣುವುದೇ ಇಲ್ಲ, ಆದರೂ ಬಿಡುವಂತಿಲ್ಲ.

ಹಿಡಿಕೆ ತಿರುಗಿಸಿ ಕೀ ಕೊಟ್ಟರೆ ಹಾಡು ಹೊಸದಾಗಿ ಹುಟ್ಟಿದ ಹಾಗೆ ಬಂತು. ಅವನು ಹಾಡನ್ನು ಕೇಳಿದನೋ, ಪೆಟ್ಟಿಗೆಗೆ ಕಿವಿಯಿಟ್ಟು ಕಣ್ಣು ಮುಚ್ಚಿದ್ದ ಅವಳನ್ನು ನೋಡಿದನೋ, ಅದು ಅಪ್ಪನಿಗೆ ಗೊತ್ತು.

ಕೆಲವೇ ದಿನ. ಅವನು ಮತ್ತೆ ಪೆಟ್ಟಿಗೆ ಹೊತ್ತು ಹಾಜರ್!

"ಹಾಡು ಮಧ್ಯದಲ್ಲೇ ನಿದ್ದೆ ಹೋಗುತ್ತೆ..."

ವೇಗ ಹಿಡಿದಿಡುವ ಚಕ್ರಕ್ಕೆ ಕೂದಲು ಸುತ್ತಿಕೊಂಡಿತ್ತು. ಸಲೂನಲ್ಲವೇ, ಇರಲಿ ಎಂದು ತೆಗೆದಳು. ಮುಂದಿನ ವಾರ ದನಿಯೇ ಇಲ್ಲ. ಕೊಳವೆಯೊಳಗೆ ಹತ್ತಿಯ ಉಂಡೆ!

ಅವನು ಹೋದ ಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ.

"ನೋಡಮ್ಮ, ಸಾಮಾನು ಪದೇ ಪದೇ ವಾಪಸ್ ಬಂದ್ರೆ ಅದು ಕೈಯ ದೋಷ. ನಿನಗೆ ಬೆಂಚ್ ಕೊಟ್ಟಾಗ್ಲೇ ಚಿಕ್ಕಪ್ಪ ನಕ್ಕಿದ್ದ. ಇದು ಇನ್ನೊಂದ್ಸಲ ಬಂತೋ, ಜಾಗ ಅವನಿಗೇ. ಮೊಬೈಲ್ ಕವರ್ ಮಾರ್ಕೊಳ್ಳಲಿ."

"ಅಪ್ಪಾ!"

ಆಮೇಲೆ ಅವಳಿಗೆ ಅನ್ನ ಸೇರಲಿಲ್ಲ. 'ನನ್ನ ಕೈ ಕೆಟ್ಟೋಯ್ತಾ?' ಎಂದು ಬೆರಳುಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು. ಈ ಬೆಂಚಿಲ್ಲದೆ ಅವಳಿಗೆ ಬೇರೆ ಬದುಕೇ ಗೊತ್ತಿರಲಿಲ್ಲ.

ಆದರೆ ಅವನು ಬಂದೇ ಬಂದ! ಅದೂ ನಗುನಗುತ್ತಾ, ಹೊಸದಾಗಿ ತಲೆ ಬಾಚಿಕೊಂಡು.

"ಈಗ ತಿರುಗೋದೇ ಇಲ್ಲ ನೋಡಿ..."

ಅಪ್ಪ ಪೇಪರ್ ಮಡಚಿಟ್ಟು ಚಿಕ್ಕಪ್ಪನಿಗೆ ಫೋನ್ ಹಚ್ಚಿದ.

ಅವಳ ಕಣ್ಣು ತುಂಬಿ ಬಂತು. ಮಂಜುಮಂಜಾಗಿಯೇ ಮುಚ್ಚಳ ನೋಡಿದಳು. ಒಂದು ಸ್ಕ್ರೂ ಪೂರ್ವಕ್ಕೆ, ಇನ್ನೊಂದು ಪಶ್ಚಿಮಕ್ಕೆ! ಸ್ಕ್ರೂಗಳ ತಲೆಯ ಮೇಲೆಲ್ಲ ಹೊಸ ಪರಚು ಗಾಯ. ಬಿಚ್ಚಿದರೆ ಹಲ್ಲುಚಕ್ರಗಳ ನಡುವೆ ಬಾಚಣಿಗೆಯ ಮುರಿದ ಹಲ್ಲು.

"ಇದು ಒಳಗೆ ಹೇಗೆ ಬಂತು?"

"ಗಾಳಿಗೆ... ಹಾರಿ..."

"ಗಾಳಿ ಸ್ಕ್ರೂ ಬಿಚ್ಚುತ್ತಾ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಅವನ ಕೈ ಸೀದಾ ಜೇಬಿನ ಕತ್ತರಿಗೆ ಹೋಯಿತು.

"ನೀವೇನಾ?!"

"ಸರಿ ಇದ್ರೆ ಇಲ್ಲಿಗೆ ಬರೋಕೆ ನೆಪ ಎಲ್ಲಿ?" ಅವನು ತಲೆ ತಗ್ಗಿಸಿದ. "ನೀವು ಕಣ್ಮುಚ್ಚಿ ಕಿವಿಯಿಟ್ಟು ಕೇಳ್ತೀರಲ್ಲ... ಅದನ್ನ ಇನ್ನೊಂದ್ಸಲ ನೋಡ್ಬೇಕು ಅನ್ಸುತ್ತೆ. ಪ್ರತಿ ಸಲಾನೂ."

ಅವಳ ಎದೆ ಝಲ್ಲೆಂದಿತು. ಮರುಕ್ಷಣವೇ ಪಿತ್ತ ನೆತ್ತಿಗೇರಿತು.

"ನಿಮ್ಮ ನೆಪಕ್ಕೆ ನನ್ನ ಬೆಂಚೇ ಹೋಗ್ತಿದೆ! ನನ್ನ ಕೈ ಮೇಲೆ ನನಗೇ ನಂಬಿಕೆ ಹೋಯ್ತು, ಗೊತ್ತಾ?"

ಅವನ ಮುಖದಲ್ಲಿದ್ದ ಕಳೆಯೆಲ್ಲ ಇಳಿದುಹೋಯಿತು. ಅದು ಅವನಿಗೆ ನಿಜಕ್ಕೂ ಗೊತ್ತಿರಲಿಲ್ಲ. ನೇರವಾಗಿ ಅಪ್ಪನ ಮುಂದೆ ಹೋಗಿ ನಿಂತ.

"ಅವರ ಕೆಲಸದಲ್ಲಿ ಎಳ್ಳಷ್ಟೂ ತಪ್ಪಿಲ್ಲ. ಕೆಡಿಸಿದ್ದು ನಾನು. ಕೂದಲು ಸುತ್ತಿದ್ದೂ ನಾನೇ."

"ಹತ್ತಿ?"

"ಅದೂ ನಾನೇ..."

ಅಪ್ಪ ಎದ್ದು ಬಂದು, ಮಸೂರ ಹಿಡಿದು ಒಂದೊಂದೇ ಸ್ಕ್ರೂ ನೋಡಿದ. ಫೋನಿನಲ್ಲಿ ಚಿಕ್ಕಪ್ಪ ಹಲೋ ಹಲೋ ಅನ್ನುತ್ತಲೇ ಇದ್ದ.

"ಏನಿಲ್ಲಪ್ಪ, ಊಟ ಆಯ್ತಾ ಅಂತ ಕೇಳೋಕೆ ಮಾಡ್ದೆ," ಎಂದು ಫೋನಿಟ್ಟು ಮಗಳ ತಲೆ ಸವರಿದ. "ಸ್ಕ್ರೂ ನೋಡದೆ ಮಾತಾಡ್ಬಿಟ್ಟೆ ಕಣಮ್ಮ. ಬೆಂಚ್ ನಿಂದೇ. ಈ ಗಿರಾಕಿನ ಏನ್ ಮಾಡ್ಬೇಕೋ ನೀನೇ ನೋಡ್ಕೋ."

ಅವಳು ರಿಪೇರಿ ಮುಗಿಸಿದಳು. ಸ್ಕ್ರೂಗಳೆಲ್ಲ ಮತ್ತೆ ಒಂದೇ ದಿಕ್ಕಿಗೆ ನಿಂತವು. ಪೆಟ್ಟಿಗೆಗೆ ದಾರ ಕಟ್ಟಿ ಮುಂದೆ ತಳ್ಳಿದಳು.

"ಇನ್ನು ಇದನ್ನ ಹೊತ್ಕೊಂಡು ಬರಬೇಡಿ."

ಅವನು ಹೋದ. ಹೋಗುವಾಗ ಹೊಸ್ತಿಲಿಗೆ ಎಡವಿದ, ಪಾಪ!

ಮರುದಿನ ಅಂಗಡಿ ತೆರೆಯುವ ಮುಂಚೆಯೇ ಬಾಗಿಲಲ್ಲಿ ಅವನು. ಬರಿಗೈ.

"ಹೊತ್ಕೊಂಡು ಬಂದಿಲ್ಲ!" ಎಂದ ಗಾಬರಿಯಿಂದ. "ಆದ್ರೆ ಕೀ ಕೊಡೋ ಹಿಡಿಕೆ ಪೆಟ್ಟಿಗೇಲಿ ಇಲ್ಲ. ದೇವರಾಣೆ, ಈ ಸಲ ನಾನೇನೂ ಮಾಡಿಲ್ಲ!"

ಅವಳು ಏಪ್ರನ್ ಜೇಬಿನಿಂದ ಹಿಡಿಕೆ ತೆಗೆದಳು.

"ಗೊತ್ತು. ನಾನೇ ಇಟ್ಕೊಂಡಿದ್ದು."

"ಯಾಕೆ?"

"ನೆಪ ಹುಡುಕೋದು ನಿಮಗೊಬ್ಬರಿಗೇ ಬರುತ್ತಾ?"

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಾಗ ಕಿವಿಯವರೆಗೂ ಕೆಂಪಾದ. ಒಳಗೆ ಪೇಪರಿನ ಹಿಂದೆ ಯಾರೋ ಕೆಮ್ಮಿದರು.

"ಹಾಗಾದ್ರೆ... ಹಿಡಿಕೆ ಕೊಡಲ್ವಾ?"

"ಕೊಡಲ್ಲ. ಸಂಜೆ ನಾನೇ ಬಂದು ಕೀ ಕೊಡ್ತೀನಿ. ಒಂದು ಹಾಡಿಗೆ ಒಂದ್ಸಲ."

"ನಮ್ಮ ತಾತ ಬೀರು ತುಂಬ ಹಾಡು ಇಟ್ಟು ಹೋಗಿದ್ದಾರೆ..."

"ಇರಲಿ ಬಿಡಿ," ಅವಳು ಹಿಡಿಕೆಯನ್ನು ಮತ್ತೆ ಜೇಬಿಗಿಳಿಸಿದಳು. "ನನಗೇನೂ ಅವಸರ ಇಲ್ಲ."