ಒಳಗೆ ಕಳಿಸಿದವರು

"ಸುಧಾ, ಸುಮ್ಮನಿರು... ಗ್ವಾಡಿ ಒಳಗ ಯಾರೋ ಬಡಿಯಾಕತ್ತಾರ!"

ಗೋಡೆಗೆ ಕಿವಿ ಹಚ್ಚಿ ನಿಂತ ಗಂಡ ಶಂಭುಲಿಂಗನನ್ನು ಕಂಡು ಸುಧಾರಾಣಿ ಊಟದ ತಾಟು ಕೆಳಗಿಟ್ಟಳು. ರಾಣೆಬೆನ್ನೂರಿನಲ್ಲಿ ಅವನ ಬಟ್ಟೆ ಹೊಲಿಯುವ ಕಾರ್ಖಾನೆ ಕುಸಿದು ಇಪ್ಪತ್ತಕ್ಕೂ ಹೆಚ್ಚು ಜನ ಮಣ್ಣಾಗಿದ್ದರು. ಅಂದಿನಿಂದ ಅವನು ಬ್ಯಾಡಗಿಯಲ್ಲಿ, ತಾಯಿಯ ಮನೆಯ ಮಹಡಿಯ ಮೇಲೆ ಅಡಗಿದ್ದ. ಆ ಗೋಡೆಯಾಚೆ ಬರೀ ಬಯಲು. ನಿಂತು ಬಡಿಯಲು ಯಾರಿಗೂ ಜಾಗವೇ ಇರಲಿಲ್ಲ. "ಯಾರೂ ಇಲ್ಲರೀ..." ಎನ್ನುತ್ತ ಅವಳು ಅಂಗೈ ಊರಿದಳು. ಗೋಡೆ ಸಣ್ಣಗೆ ಅದುರಿದಂತಾಯಿತು!

ಕೆಳಗಿಳಿದರೆ ಅತ್ತೆ ನೀಲಗಂಗವ್ವ ಕಾದಿದ್ದಳು.

"ನಾಳೆ ಪೊಲೀಸರು ನಿನ್ನ ಕೇಳ್ತಾರ. ಹೆಣ್ಮಕ್ಕಳನ್ನ ಒಳಗ ಕಳಿಸಿದಾಂವ ಸೂಪರ್‌ವೈಸರ್ ಹುಲಿಗೇಶ ಅನ್ನು. ಸತ್ತಾಂವಗ ಜೈಲಿಲ್ಲ. ನನ್ನ ಮಗ ಉಳೀತಾನ."

ಕಾರ್ಖಾನೆ ಕುಸಿದ ಆ ಮುಂಜಾನೆ ಸುಧಾರಾಣಿ ಅಲ್ಲೇ ಇದ್ದಳು. ಕಂಬ ಬಿರುಕು ಬಿಟ್ಟಿದೆಯೆಂದು ಕೆಲಸದ ಹೆಣ್ಣುಮಕ್ಕಳು ಅಂಗಳದಲ್ಲೇ ನಿಂತಿದ್ದರು. "ಇವತ್ತೊಂದಿನ ಬ್ಯಾಡ್ರಿ ಸಾವ್ಕಾರ್ರ" ಎಂದು ಹುಲಿಗೇಶ ಅಂಗಲಾಚಿದ್ದ. "ಸಂಜಿಗೆ ಮಾಲು ಒಯ್ಯಾಕ ಲಾರಿ ಬರ್ತೈತಿ. ಈಗ ಒಳಗ ಹೋಗದಾವ್ರು ಮತ್ತೆಂದೂ ಬರಬ್ಯಾಡ್ರಿ!" ಎಂದು ಶಂಭುಲಿಂಗ ಗದರಿದ್ದ. ಎಲ್ಲರಿಗಿಂತ ಮೊದಲು ಒಳಗೆ ಹೋದವನು ಹುಲಿಗೇಶನೇ...

ಅಷ್ಟರಲ್ಲಿ ಹೊಸ್ತಿಲಲ್ಲಿ ನೆರಳು ಬಿತ್ತು. ರಾಣೆಬೆನ್ನೂರಿನಿಂದ ಬಂದ ಹುಲಿಗೇಶನ ತಾಯಿ ಚೌಡವ್ವ! ಅವಳು ಅಳಲಿಲ್ಲ, ಬೈಯಲಿಲ್ಲ.

"ಅಕ್ಕಾರ, ದಿನಾ ಹೊತ್ತು ಮುಳುಗೂಮುಂದ ನನ್ನ ಮಗ ಅಂಗಳದಾಗ ಬಂದು ನಿಲ್ತಾನ್ರಿ. ಮೈತುಂಬ ಸಿಮಿಟಿನ ಧೂಳು... ಒಳಗ ಬಾರೋ ಅಂದ್ರ ಬರೂದಿಲ್ಲ. 'ಯವ್ವಾ, ನಾ ಕಳಿಸ್ಲಿಲ್ಲ' ಅಂತಾನ. ಮಂದಿ ಅವನ ಹೆಸರು ಹೇಳ್ತಾರ. ನೀವು ಅಲ್ಲಿದ್ರಂತ... ಯಾರು ಕಳಿಸಿದ್ರು?"

"ಬಾಯಿ ಬಿಟ್ಟೀಯಂದ್ರ ನಿನ್ನ ತಾಳಿ ಆಣಿ ಐತಿ, ಸುಧಾ!" ನೀಲಗಂಗವ್ವ ಚೀರಿದಳು.

ಮೇಲಿನಿಂದ ಬಡಿತ ಕೇಳಿಸಿತು. ಈ ಸಲ ಮೂವರಿಗೂ ಕೇಳಿಸಿತು!

"ನನ್ನ ಗಂಡ ಕಳಿಸಿದ್ರು, ಯವ್ವಾ..." ಎಂದಳು ಸುಧಾರಾಣಿ. "ನಿನ್ನ ಮಗ ಬ್ಯಾಡಂತ ಕೈ ಮುಗದಿದ್ದ. ನಾ ನೋಡಕೋತ ನಿಂತಿದ್ದೆ..."

ಬಡಿತ ನಿಂತಿತು. ಶಂಭುಲಿಂಗ ಮೆಟ್ಟಿಲ ಮೇಲೆ ನಿಂತಿದ್ದ; ಬೆರಳ ಗೆಣ್ಣುಗಳಲ್ಲಿ ರಕ್ತವಿರಲಿಲ್ಲ, ಗೋಡೆಯ ಸುಣ್ಣವೂ ಇರಲಿಲ್ಲ. ಬಡಿದವನು ಅವನಾಗಿರಲಿಲ್ಲ. ಇಳಿದು ಬಂದವನೇ ಚೌಡವ್ವನ ಕಾಲಿಗೆ ಬಾಗಿದ. ಅವಳು ಕಾಲು ಹಿಂದಕ್ಕೆಳೆದುಕೊಂಡಳು.

"ನನ್ನ ಕಾಲು ಬ್ಯಾಡ್ರಿ. ಠಾಣೆದಾಗ ಹೇಳ್ರಿ."

"ಹೋಗಬ್ಯಾಡೋ ಮಗನ!" ಎಂದು ನೀಲಗಂಗವ್ವ ಅವನ ಅಂಗಿ ಹಿಡಿದೆಳೆದಳು. ಅವನು ಅವಳ ಒಂದೊಂದೇ ಬೆರಳು ಬಿಡಿಸಿ ಠಾಣೆಗೆ ಹೊರಟ.

ಹಾವೇರಿಯ ಕೋರ್ಟಿನಲ್ಲಿ ಅವನು ಯಾವ ಆರೋಪವನ್ನೂ ಅಲ್ಲಗಳೆಯಲಿಲ್ಲ. ಮಗ ಜೈಲು ಸೇರಿದ ದಿನ ನೀಲಗಂಗವ್ವ ಸೊಸೆಗೆ ಮನೆಯ ಬಾಗಿಲು ಮುಚ್ಚಿದಳು. ಸುಧಾರಾಣಿ ರಾಣೆಬೆನ್ನೂರಿಗೆ ಮರಳಿ, ಸತ್ತವರ ಓಣಿಯಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಳು. ಯಾರೂ ಅವಳನ್ನು ಮಾತನಾಡಿಸಲಿಲ್ಲ. ಅವಳೂ ಅದನ್ನು ಬಯಸಲಿಲ್ಲ.

ಒಂದು ಮುಂಜಾನೆ ನಳದ ಮುಂದೆ ಕೊಡ ಹಿಡಿದು ಎಲ್ಲರಿಗಿಂತ ಹಿಂದೆ ನಿಂತಿದ್ದಳು. ಚೌಡವ್ವ ತಿರುಗಿ ನೋಡದೆಯೇ ತನ್ನ ಕೊಡವನ್ನು ತುಸು ಸರಿಸಿ ಜಾಗ ಮಾಡಿದಳು.

"ಇಡ್ರಿ. ನೀರು ನಿಲ್ತಾವು."