ಹನ್ನೊಂದು ಮನೆ, ಐದೈದು ಬಕೆಟ್

ಬೀಗದಲ್ಲಿ ಕೀಲಿ ತಿರುಗಿದ ಸದ್ದು.

ಸಣ್ಣ ಸದ್ದು. ಹಗಲಾಗಿದ್ದರೆ ಕೇಳಿಸುತ್ತಲೇ ಇರಲಿಲ್ಲ. ರಾತ್ರಿ ಒಂದೂವರೆ ಗಂಟೆಗೆ, ಒಂದು ಕುರ್ಚಿಯೂ ಇಲ್ಲದ ಮನೆಯಲ್ಲಿ, ಅದು ನನ್ನ ಹಲ್ಲಿನೊಳಗೇ ತಿರುಗಿದ ಹಾಗಿತ್ತು.

ಟಾರ್ಚ್ ಆರಿಸಿದೆ. ಅಡುಗೆಮನೆಯ ಬಾಗಿಲ ಹಿಂದೆ ಸರಿದು ನಿಂತೆ.

ಆರನೇ ಮಹಡಿ. ಹೊರಹೋಗಲು ಇರುವುದು ಒಂದೇ ಬಾಗಿಲು. ಆ ಬಾಗಿಲಲ್ಲೇ ಯಾರೋ ಒಳಗೆ ಬರುತ್ತಿದ್ದರು.

ಲೈಟ್ ಹಾಕಲಿಲ್ಲ. ಕತ್ತಲೆಯ ಪರಿಚಯವಿದ್ದ ಹೆಜ್ಜೆಗಳು. ನೇರ ಬಚ್ಚಲಿಗೆ ಹೋದವು. ಬಕೆಟ್ ನೆಲಕ್ಕಿಟ್ಟ ಸದ್ದು. ನಲ್ಲಿ ತಿರುಗಿತು. ನೀರು ತುಂಬಿತು. ಸುರಿದುಹೋಯಿತು. ಮತ್ತೆ ತುಂಬಿತು.

ಎಣಿಸಿದೆ. ಒಂದು... ಎರಡು... ಐದು.

ನಲ್ಲಿ ನಿಂತಿತು.

ನಾನು ನಗರದ ಮನೆ ಯೋಜನೆಯಲ್ಲಿ ತಪಾಸಣೆಗಾರ್ತಿ. ಯೋಜನೆ ಸರಳ. ಹುಟ್ಟಿದಾಗಿನಿಂದ ಸ್ವಂತ ಮನೆ ಕಾಣದವರಿಗೆ ಕೈಗೆಟಕುವ ಬೆಲೆಗೆ ಒಂದು ಫ್ಲ್ಯಾಟ್. ಕೊಂಡವರೇ ಅಲ್ಲಿ ವಾಸಿಸಬೇಕು. ಐದು ವರ್ಷ ಮಾರುವಂತಿಲ್ಲ. ಬೀಗ ಹಾಕಿಟ್ಟರೆ ಮನೆ ವಾಪಸ್, ವೈಟಿಂಗ್ ಲಿಸ್ಟಿನಲ್ಲಿ ಮುಂದಿರುವವರಿಗೆ. ಮನೆಯಲ್ಲಿ ಜನ ಇದ್ದಾರೋ ಇಲ್ಲವೋ ಎಂಬುದಕ್ಕೆ ಆಫೀಸು ನಂಬುವುದು ನೀರಿನ ಮೀಟರನ್ನು. ಫಾರ್ಮಿನಲ್ಲಿ ಎರಡೇ ಖಾನೆ: ‘ತಿರುಗಿದೆ’, ‘ನಿಂತಿದೆ’. ಅಂಕಿಗಳನ್ನು ಬರೆದುಕೊಳ್ಳುವುದು ನನ್ನ ಚಾಳಿ. ಬೇರೆ ಯಾರೂ ಬರೆಯುವುದಿಲ್ಲ.

ಈ ಕಟ್ಟಡದಲ್ಲಿ ಹನ್ನೊಂದು ಮೀಟರುಗಳು ಸರಿಯಾಗಿ ತಿರುಗುತ್ತಿದ್ದವು. ಅತಿ ಸರಿಯಾಗಿ. ಹನ್ನೊಂದೂ ಮನೆಯಲ್ಲಿ ತಿಂಗಳಿಗೆ ಎರಡು ಸಾವಿರದ ಏಳುನೂರು ಲೀಟರಿನ ಆಸುಪಾಸು. ಎಂಟು ತಿಂಗಳಿಂದ.

ಸಂಸಾರಗಳು ಹಾಗಿರುವುದಿಲ್ಲ. ನೆಂಟರು ಬರುತ್ತಾರೆ. ಮಗುವಿಗೆ ಹೊಟ್ಟೆ ಕೆಡುತ್ತದೆ. ಜಗಳವಾಡಿ ಹೆಂಡತಿ ತವರಿಗೆ ಹೋಗುತ್ತಾಳೆ. ನಾನು ಕಂಡಂತೆ ಇಷ್ಟು ನೇರವಾಗಿ ನಡೆಯುವ ಮೀಟರ್ ಒಂದೇ. ನನ್ನ ಬಾಡಿಗೆ ಕೋಣೆಯದು. ಅದಕ್ಕೇ ಗುಮಾನಿ ಬಂದದ್ದು, ಆಫೀಸಿನ ಮಾಸ್ಟರ್ ಕೀಲಿ ಹಿಡಿದು ಈ ಖಾಲಿ ಮನೆಯಲ್ಲಿ ಕಾದದ್ದು.

ಟಾರ್ಚ್ ಹಾಕಿದೆ.

“ಅಲ್ಲಾಡಬೇಡಿ.”

ಐವತ್ತರ ಹೆಂಗಸು. ಸೊಂಟದಲ್ಲಿ ಕೀಲಿಗೊಂಚಲು. ಗುರುತು ಸಿಕ್ಕಿತು. ಹಗಲು ಇದೇ ಕಟ್ಟಡದ ಮೆಟ್ಟಿಲು ಒರೆಸುವಾಕೆ. ನಾನು ಬಂದಾಗಲೆಲ್ಲ ಒದ್ದೆ ನೆಲ, ನೋಡ್ಕೊಂಡು ಹತ್ತಿ ಎನ್ನುವವಳು.

“ಅಯ್ಯೋ, ಮೇಡಮ್ಮ...” ಬಕೆಟ್ಟನ್ನು ಅಪ್ಪಿಕೊಂಡಳು.

“ಯಾರು ಕಳಿಸಿದ್ದು?”

“ಭಾವ.”

ಊರಿಗೆಲ್ಲ ಅವನು ಭಾವ. ಯಾರ ಅಕ್ಕನನ್ನು ಕಟ್ಟಿಕೊಂಡಿದ್ದಾನೆಂದು ಯಾರಿಗೂ ಗೊತ್ತಿಲ್ಲ. ಮನೆಯಿಲ್ಲದ ಹನ್ನೊಂದು ಮಂದಿಯ ಹೆಸರಿನಲ್ಲಿ ಹನ್ನೊಂದು ಫ್ಲ್ಯಾಟ್ ಹಿಡಿದು, ಐದು ವರ್ಷ ಕಳೆದ ಮೇಲೆ ಮಾರಲು ಕಾದು ಕೂತವನು. ಪಿಸುಮಾತಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಬಾಯಿಬಿಟ್ಟು ಹೇಳಿದವಳು ಇವಳೇ ಮೊದಲು.

“ಮನೆಗೆ ಎಷ್ಟು ಬಕೆಟ್?”

“ಐದು ಅಂತ ಮಾತು. ಐದೇ ಸುರೀತೀನಿ. ಒಂದು ದಿನಾನೂ ತಪ್ಪಿಸಿಲ್ಲ, ಬೇಕಾದ್ರೆ ನಾಳೆ ನಿಂತು ಎಣಿಸಿ.”

“ಇವತ್ತೇ ಎಣಿಸ್ದೆ.”

ನಗು ಬಂತು. ನಗಲಿಲ್ಲ. ಆಕೆ ಒಂದೆರಡು ಬಕೆಟ್ ಸೋಮಾರಿತನ ಮಾಡಿದ್ದರೆ, ಒಂದು ರಾತ್ರಿ ಸುಮ್ಮನೆ ಮಲಗಿಬಿಟ್ಟಿದ್ದರೆ, ಭಾವ ಸಿಕ್ಕಿಬೀಳುತ್ತಲೇ ಇರಲಿಲ್ಲ. ಕಳ್ಳ ಕೆಲಸವನ್ನು ಆಕೆ ನಿಯತ್ತಿನಿಂದ ಮಾಡಿದ್ದಳು.

“ಇದಕ್ಕೆ ಅವನು ಏನು ಕೊಡ್ತಾನೆ?”

“ಮಲಗೋಕೆ ಜಾಗ. ಒಂದೊಂದು ರಾತ್ರಿ ಒಂದೊಂದು ಮನೆ. ಲೈಟ್ ಹಾಕೋ ಹಾಗಿಲ್ಲ, ಒಲೆ ಹಚ್ಚೋ ಹಾಗಿಲ್ಲ. ಮಗಳು ಹಾಸ್ಟೆಲಲ್ಲಿದಾಳೆ. ರಜಕ್ಕೆ ಬರ್ತೀನಮ್ಮ ಅಂದ್ರೆ ಬೇಡ ಕಣೇ, ಅಲ್ಲೇ ಓದ್ಕೋ ಅಂತೀನಿ. ಎಲ್ಲಿಗೆ ಅಂತ ಕರೀಲಿ?”

“ಮನೆಗೆ ಅರ್ಜಿ ಹಾಕಿಲ್ವಾ?”

“ಹಾಕಿದೀನಿ. ವೈಟಿಂಗ್ ಲಿಸ್ಟಲ್ಲಿ ಒಂಬತ್ತನೇ ನಂಬರು. ಎರಡು ವರ್ಷದಿಂದ ಒಂಬತ್ತೇ. ಯಾಕೋ ಮುಂದಕ್ಕೇ ಹೋಗ್ತಿಲ್ಲ ಮೇಡಮ್ಮ.”

ಹೇಳಬಾರದಿತ್ತು. ಹೇಳಿದೆ.

“ಮನೆ ವಾಪಸ್ ಬಂದ್ರೆ ತಾನೇ ಲಿಸ್ಟು ಮುಂದಕ್ಕೆ ಹೋಗೋದು? ಹನ್ನೊಂದು ಮನೆ ವಾಪಸ್ ಬರಬೇಕಿತ್ತು. ನೀವು ದಿನಾ ರಾತ್ರಿ ನೀರು ಸುರಿದು ತಡೀತಿದೀರಿ.”

ನಲ್ಲಿಯಿಂದ ಒಂದು ಹನಿ ಬಿತ್ತು. ಆಕೆ ಬಗ್ಗಿ ನಲ್ಲಿಯನ್ನು ಬಿಗಿಯಾಗಿ ತಿರುಗಿಸಿದಳು. ಆಮೇಲೂ ಕೈ ತೆಗೆಯಲಿಲ್ಲ.

ಆಗ ಲಿಫ್ಟ್ ಕದಲಿತು.

“ಭಾವ,” ಎಂದಳು. “ಈ ಹೊತ್ತಲ್ಲಿ ಲಿಫ್ಟ್ ಹತ್ತೋರು ಬೇರೆ ಯಾರೂ ಇಲ್ಲ. ಸ್ಕೂಟರ್ ಎಲ್ಲಿ ನಿಲ್ಲಿಸಿದೀರಿ?”

“ಹಿಂದುಗಡೆ.”

“ವಾಚ್‌ಮನ್ ನೋಡಿ ಫೋನ್ ಮಾಡಿರ್ತಾನೆ. ಮೇಡಮ್ಮ... ನಾನು ಇದರಲ್ಲಿದೀನಿ ಅಂತ ನಿಮ್ಮ ಆಫೀಸಿಗೆ ಗೊತ್ತಾದ್ರೆ?”

ನಿಯಮ ನನಗೆ ಬಾಯಿಪಾಠ. ಅಕ್ರಮದಲ್ಲಿ ಕೈಯಿದ್ದವರ ಅರ್ಜಿ ರದ್ದು. ಜೀವಮಾನವಿಡೀ ಮತ್ತೆ ಹಾಕುವಂತಿಲ್ಲ.

“ಲಿಸ್ಟಿಂದ ತೆಗೀತಾರೆ.”

ಲಿಫ್ಟಿನ ಸದ್ದು ಹತ್ತಿರವಾಗುತ್ತಿತ್ತು.

ನನ್ನ ನೋಟ್‌ಬುಕ್ ತೆಗೆದೆ. ಎಂಟು ತಿಂಗಳ ಅಂಕಿಗಳು. ಅದೊಂದೇ ಸಾಕ್ಷಿ. ಆಕೆಯ ಬಕೆಟ್ಟಿಗೆ ಹಾಕಿ, ಹೆಗಲ ಮೇಲಿದ್ದ ಒರೆಸುವ ಬಟ್ಟೆಯನ್ನು ಅದರ ಮೇಲೆ ತುರುಕಿದೆ.

“ಮೆಟ್ಟಿಲಿಳಿದು ಹೋಗಿ. ನೀವು ನನ್ನನ್ನ ನೋಡಿಲ್ಲ.”

“ಇದನ್ನೇನು ಮಾಡಲಿ?”

“ನಿಮಗೆ ಬಿಟ್ಟಿದ್ದು.”

ಧೈರ್ಯ ಎಂದುಕೊಳ್ಳಬೇಡಿ. ನನ್ನ ಹತ್ತಿರ ಇದ್ದರೆ ಅದು ಹೇಗೂ ಹೋಗುತ್ತಿತ್ತು.

ಆಕೆ ಕೆಳಕ್ಕೆ. ನಾನು ಮೇಲಕ್ಕೆ, ಬೇಕೆಂದೇ ಸದ್ದು ಮಾಡುತ್ತ. ಲಿಫ್ಟಿನಿಂದ ಇಳಿದವರು ನನ್ನ ಹಿಂದೆ ಬರಬೇಕಿತ್ತು.

ಬಂದರು.

ಏಳು. ಎಂಟು. ಒಂದು ಚಪ್ಪಲಿ ಕಳಚಿತು. ಬಿಟ್ಟೆ. ಒಂಬತ್ತು. ತಾರಸಿಯ ಬಾಗಿಲಿಗೆ ಭುಜ ಕೊಟ್ಟೆ. ತೆರೆಯಿತು. ನೀರಿನ ಟ್ಯಾಂಕುಗಳ ಸಾಲು. ಗಾಳಿ. ಸುತ್ತಲೂ ದೀಪ ಉರಿಯುವ ಕಿಟಕಿಗಳು... ಒಂದರಲ್ಲೂ ನನಗಾಗಿ ಎದ್ದು ಕೂತವರಿಲ್ಲ. ಓಡುವಾಗ ಬರಬಾರದ ಯೋಚನೆ.

ಭಾವನ ಡ್ರೈವರ್ ನನ್ನ ತೋಳು ತಿರುಚಿ ಟ್ಯಾಂಕಿಗೆ ಒತ್ತಿದ. ಭಾವ ನಿಧಾನವಾಗಿ ಬಂದ, ಏದುಸಿರು ಬಿಡುತ್ತ. ಕೈಯಲ್ಲಿ ನನ್ನ ಚಪ್ಪಲಿ.

“ಬಿಟ್ಟು ಬಂದಿದ್ರಿ ಮೇಡಂ.” ಬಗ್ಗಿ ನನ್ನ ಕಾಲ ಬಳಿ ಇಟ್ಟ. ಮರ್ಯಾದಸ್ಥ. “ಈ ವಯಸ್ಸಲ್ಲಿ ನನ್ನನ್ನ ಮೆಟ್ಟಿಲು ಹತ್ತಿಸಬಾರದಪ್ಪ. ಏನು ನೋಡಿದ್ರಿ?”

“ಮೀಟರ್.”

“ತಿರುಗ್ತಿದೆಯಲ್ಲ?”

“ತಿರುಗ್ತಿದೆ. ಹನ್ನೊಂದೂ ಒಂದೇ ಸಮ.”

ಅವನ ಮುಖದ ನಗು ಅಲ್ಲೇ ಇತ್ತು. ಕಣ್ಣಿನದು ಹೋಯಿತು.

“ಯಾರು ಹೇಳಿದ್ದು? ಒಳಗೆ ಯಾರಾದ್ರೂ ಸಿಕ್ಕಿದ್ರಾ?”

“ಖಾಲಿ ಮನೇಲಿ ಯಾರು ಸಿಗ್ತಾರೆ?”

ಒಂದು ಹೆಜ್ಜೆ ಹತ್ತಿರ ಬಂದ. ಧ್ವನಿ ಮೆತ್ತಗಾಯಿತು. “ನಿಮ್ಮದೂ ಬಾಡಿಗೆ ಕೋಣೆ ಅಂತೆ. ಒಬ್ಬರೇ ಅಂತೆ. ಒಂದು ರಾತ್ರಿ ಬರದಿದ್ರೆ ಯಾಕೆ ಅಂತ ಕೇಳೋರೂ ಇಲ್ಲ ಅಂತೆ. ಯಾಕೆ ಈ ಕಷ್ಟ? ಹನ್ನೊಂದರಲ್ಲಿ ಒಂದು ಕೀಲಿ ನಿಮಗೆ. ನಾದಿನಿಗೆ ಕೊಟ್ಟ ಹಾಗೆ ಕೊಡ್ತೀನಿ.”

ಕೆಳಗಿನ ಆ ಅಡುಗೆಮನೆ ಕಣ್ಣಿಗೆ ಬಂತು. ಕಿಟಕಿ ಪೂರ್ವಕ್ಕಿತ್ತು. ಬೆಳಿಗ್ಗೆ ಅಲ್ಲಿ ನಿಂತು ಒಂದು ಲೋಟ ಕಾಫಿ... ಸುಳ್ಳೇಕೆ ಹೇಳಲಿ, ಒಂದು ಗಳಿಗೆ ಕುಡಿದೂ ಆಯಿತು.

“ನನಗೆ ಅಕ್ಕ ಇಲ್ಲ,” ಎಂದೆ.

ಡ್ರೈವರ್ ನನ್ನ ಚೀಲ ಕೊಡವಿದ. ಮಾಸ್ಟರ್ ಕೀಲಿ, ಪೆನ್ನು, ಫೋನು. ಭಾವ ಫೋನು ಎತ್ತಿಕೊಂಡ.

“ಎಲ್ಲಾ ಇದರಲ್ಲೇನಾ?”

ಫೋನನ್ನೇ ನೋಡಿದೆ, ಜೀವವೆಲ್ಲ ಅದರಲ್ಲೇ ಇದ್ದಂತೆ. ಅವನಿಗೆ ಅಷ್ಟು ಸಾಕಾಯಿತು. ಟ್ಯಾಂಕಿನ ಮುಚ್ಚಳ ಸರಿಸಿ ಒಳಗೆ ಬಿಟ್ಟ. ಬುಳುಕ್.

“ಮೀಟರ್ ಹಿಂದಕ್ಕೆ ತಿರುಗಲ್ಲ. ಅಲ್ವಾ ಮೇಡಂ?” ನನ್ನ ಎಡಗೈ ಹಿಡಿದುಕೊಂಡ. “ಬೆರಳು ತಿರುಗುತ್ತೆ.”

ಕಿರುಬೆರಳು. ಅದೂ ಸಣ್ಣ ಸದ್ದೇ.

“ನಾಳೆ ‘ತಿರುಗಿದೆ’ ಅಂತ ಬರೀರಿ. ಅದಕ್ಕೇ ಬಲಗೈ ಬಿಟ್ಟಿದೀನಿ.”

ಅವರು ಹೋದ ಮೇಲೆ ಗೋಡೆ ಹಿಡಿದು ಕೆಳಗಿಳಿದೆ. ಕೊನೆಯ ಮೆಟ್ಟಿಲ ಬಳಿ ಬಕೆಟ್ ಕವುಚಿಟ್ಟಿತ್ತು. ಎತ್ತಿ ನೋಡಿದರೆ ನೋಟ್‌ಬುಕ್ ಇಲ್ಲ. ಸ್ಕೂಟರಿನ ಮೇಲೂ ಇಲ್ಲ. ಅರ್ಧ ಗಂಟೆ ಕಾದೆ. ಯಾರೂ ಬರಲಿಲ್ಲ.

ಆಕೆಯನ್ನು ದೂರಲಿಲ್ಲ. ನೋಟ್‌ಬುಕ್ ಭಾವನ ಕೈಗೆ ಕೊಟ್ಟರೆ ಮಲಗುವ ಜಾಗ ಗಟ್ಟಿ. ನನ್ನ ಕೈಗೆ ಕೊಟ್ಟರೆ ಬರೀ ಒಂದು ನಂಬರು.

ಕೋಣೆಗೆ ಬಂದು ಬೆರಳಿಗೆ ಪೆನ್ಸಿಲ್ ಇಟ್ಟು ಬಟ್ಟೆ ಸುತ್ತಿದೆ. ಗಂಟು ಹಾಕಲು ಎರಡು ಕೈ ಬೇಕು. ಒಂದು ಕೈ, ಹಲ್ಲು... ನಾಲ್ಕನೆಯ ಸಲ ನಿಂತಿತು.

ಬೆಳಿಗ್ಗೆ ಆಫೀಸಿನ ಬಾಗಿಲು ತೆಗೆಯುವಾಗ ಹೊಸಿಲ ಮೇಲೆ ಒಂದು ಪ್ಲಾಸ್ಟಿಕ್ ಕವರ್. ಒಳಗೆ ನೋಟ್‌ಬುಕ್. ಅಂಚು ಒದ್ದೆ. ಹಾಳೆಗಳು ಅಂಟಿಕೊಳ್ಳದಂತೆ ನಡುನಡುವೆ ಹಳೆಯ ಪೇಪರ್ ಇಟ್ಟಿದ್ದಳು. ಹನ್ನೊಂದು ತುಂಡು. ಅದನ್ನೂ ಎಣಿಸಿದೆ.

ಅಧಿಕಾರಿ ಅಂಕಿಗಳನ್ನು ಎರಡು ಸಲ ಓದಿದರು. ಎದ್ದು ಬಾಗಿಲು ಹಾಕಿ ಬಂದರು.

“ಕೈಗೇನಾಯ್ತಮ್ಮ?”

“ಸ್ಕೂಟರ್ ಜಾರಿತು ಸರ್.”

“ನೀರು ಬಿಡ್ತಿದ್ದೋರು ಯಾರು ಅಂತ ಬರೆದಿಲ್ಲವಲ್ಲ?”

“ಗೊತ್ತಾಗ್ಲಿಲ್ಲ ಸರ್.”

ಬೆರಳಿನ ಕತೆ ಹೇಳಿದರೆ ಬಕೆಟ್ಟಿನ ಕತೆಯನ್ನೂ ಹೇಳಬೇಕಾಗುತ್ತಿತ್ತು.

ಮಧ್ಯಾಹ್ನದೊಳಗೆ ಹನ್ನೊಂದೂ ಬಾಗಿಲಿಗೆ ಸೀಲ್ ಬಿತ್ತು. ಹೆಸರು ಕೊಟ್ಟವರು ಹನ್ನೊಂದು ದಿಕ್ಕಿಗೆ ಓಡಿದರು. ಭಾವ ಅವರಿಗಿಂತ ಮುಂಚೆ. ಪೊಲೀಸರು ವಿಚಾರಿಸಿದಾಗ ಅವನು ಊರಲ್ಲಿ ಒಬ್ಬರಿಗೂ ಏನೂ ಆಗಬೇಕಾಗಿರಲಿಲ್ಲ.

ನಾಲ್ಕು ತಿಂಗಳ ಬಳಿಕ ಕೀಲಿ ಹಂಚುವ ದಿನ ಸಹಿ ಹಾಕಿಸುವ ಮೇಜಿನಲ್ಲಿ ನಾನಿದ್ದೆ. ಒಂಬತ್ತನೇ ನಂಬರು ಕರೆದರು. ಆಕೆ ಬಂದಳು. ಜೊತೆಯಲ್ಲಿ ಕನ್ನಡಕ ಹಾಕಿದ ಹುಡುಗಿ, ಹೆಗಲಿಗೆ ಹಾಸ್ಟೆಲಿನ ಬ್ಯಾಗ್. ಆರನೇ ಮಹಡಿ. ಪೂರ್ವದ ಕಿಟಕಿಯ ಮನೆ.

ಸಹಿ ಮಾಡುತ್ತ ನನ್ನ ಎಡಗೈ ನೋಡಿದಳು. ಬೆರಳು ಸೊಟ್ಟಗೇ ಕೂಡಿಕೊಂಡಿದೆ. ಪೆನ್ನು ನಿಂತಿತು.

“ಇಲ್ಲೂ ಒಂದು ಸಹಿ,” ಎಂದೆ.

ಮಾಡಿದಳು. ಕೀಲಿ ತೆಗೆದುಕೊಂಡಳು.

“ಇವರು ನಿನಗೆ ಗೊತ್ತೇನಮ್ಮ?” ಮಗಳು ಕೇಳಿದಳು.

“ಇಲ್ಲ ಕಣೇ. ಯಾರೋ ಆಫೀಸಿನವರು.”

ಸರಿಯಾಗಿ ಹೇಳಿದಳು. ನಾನೂ ಹಾಗೇ ಹೇಳುತ್ತಿದ್ದೆ.

ಮೊನ್ನೆ ಆ ಮೀಟರ್ ನೋಡಿದೆ. ಒಂದು ತಿಂಗಳು ನಾಲ್ಕು ಸಾವಿರದ ಚಿಲ್ಲರೆ, ಮುಂದಿನ ತಿಂಗಳು ಮೂರೂ ದಾಟಿಲ್ಲ. ಅಡ್ಡಾದಿಡ್ಡಿ. ರಜಕ್ಕೆ ಬಂದು ಹೋಗುವ ಮಗಳಿರುವ ಮನೆ ಹಾಗೇ ಇರಬೇಕು. ‘ತಿರುಗಿದೆ’ ಎಂದು ಬರೆದೆ.

ನಡೆದದ್ದನ್ನು ಯಾರಿಗೂ ಹೇಳಬಾರದೆಂದು ಆ ಸಂಜೆ ಕೋಣೆಯ ಬೀಗ ತೆಗೆಯುತ್ತ ತೀರ್ಮಾನಿಸಿದೆ. ಕಷ್ಟವೇನಲ್ಲ. ಬಾಯಿ ಜಾರಲು ಮನೆಯಲ್ಲಿ ಇನ್ನೊಬ್ಬರಾದರೂ ಇರಬೇಕು... ನನ್ನ ಮೀಟರ್ ಈ ತಿಂಗಳೂ ಒಂದು ಬಕೆಟ್ ಹೆಚ್ಚು ತಿರುಗಿಲ್ಲ.