ಯಾವ ಕಡೆ ತಿರುಗಿದ್ದಳು

ಕಟಾವಿನ ಕಾಲ. ಹುಲ್ಲು ಹೇರಿದ ಟ್ರ್ಯಾಕ್ಟರುಗಳು ರಸ್ತೆಯುದ್ದಕ್ಕೂ ತೆವಳುತ್ತಿದ್ದವು. ಅವುಗಳ ಸಂದಿಯಲ್ಲಿ ನಾನು ಒಂದು ಲಾರಿಯ ಬೆನ್ನು ಹತ್ತಿದ್ದೆ. ಅದು ನನ್ನ ಕಸುಬು. ಕದ್ದ ಗಾಡಿ, ಓಡಿಹೋದ ಮನುಷ್ಯ... ಪೊಲೀಸರಿಗೆ ಬೇಡವಾದದ್ದನ್ನೆಲ್ಲ ಹುಡುಕಿಕೊಡುವುದು.

ಲಾರಿ ಕೈಗೆ ಸಿಗುವಷ್ಟು ಹತ್ತಿರವಿತ್ತು. ಆಗ ಫೋನು ಬಂತು. ಅಕ್ಕ.

"ನಿನ್ನ ಭಾವ ಲ್ಯಾಬಲ್ಲಿ ಚಿಲಕ ಹಾಕಿಸ್ಕೊಂಡು ಕೂತಿದ್ದಾರೆ ಕಣೋ. ಡಾಕ್ಟರಮ್ಮನೂ ಒಳಗೇ ಇದ್ದಾರೆ. ತೊಡೆ ಮೇಲೆ ಡಬ್ಬಿ ಇದೆ... ನಾನು ಊಟದ್ದು ಅಂದ್ಕೊಂಡಿದ್ದೆ."

ಊಟದ್ದಲ್ಲ. ಸಿಡಿಮದ್ದು.

ಲಾರಿ ಬಿಟ್ಟೆ. ಬೈಕು ತಿರುಗಿಸಿದೆ.

ನನ್ನ ಭಾವ ಕಲ್ಲುಕ್ವಾರಿಯಲ್ಲಿ ಮದ್ದು ತುಂಬುತ್ತಿದ್ದವರು. ಬಂಡೆಗೆ ಕುಳಿ ಕೊರೆದು, ಮದ್ದು ಜಡಿದು, ಕೆಂಪು ಬಾವುಟ ನೆಟ್ಟು, ಎಲ್ಲರನ್ನೂ ಆಚೆ ಕಳಿಸಿ, ಕೊನೆಗೆ ತಾವು ಸರಿಯುವ ಮನುಷ್ಯ. ಒಂದು ದಿನ ಮಗಳು ಊಟ ತಂದಳು. ಬಾವುಟದ ಬಟ್ಟೆ ಗಾಳಿಗೆ ಕೋಲಿಗೆ ಸುತ್ತಿಕೊಂಡಿತ್ತು. ಅವಳಿಗೆ ಕಾಣಲಿಲ್ಲ, ದಾಟಿ ಬಂದಳು. ಭಾವ ಕೂಗಿದರು. ಅಷ್ಟರಲ್ಲಿ ಕುಳಿ ಸಿಡಿಯಿತು. ಮಗು ಹೋಯಿತು. ಭಾವನ ಕಣ್ಣುಗಳೂ ಹೋದವು.

ಊಟ ಕಟ್ಟಿ ಕಳಿಸಿದವಳು ಅಕ್ಕ. ಆಮೇಲೆ ಅವಳು ಗಂಡನನ್ನು ಕೇಳಿದ್ದು ಒಂದೇ ಮಾತು. ಕೂಗಿದ್ದು ಮಗುವಿಗೆ ಕೇಳಿಸಿತೇ? ಮನೆಯ ಕಡೆ ತಿರುಗಿದ್ದಳೇ, ಇಲ್ಲ ನಿಮ್ಮ ಕಡೆಗೇ ಬರುತ್ತಿದ್ದಳೇ? ತಿರುಗಿದ್ದರೆ ಮಗು ಸಿಡಿತವನ್ನು ನೋಡಿರಲಿಲ್ಲ. ಹೆದರಿರಲಿಲ್ಲ. ಅಕ್ಕನಿಗೆ ಅಷ್ಟು ಸಿಕ್ಕರೆ ಸಾಕಿತ್ತು.

ಭಾವನಿಗೆ ನೆನಪೇ ಇರಲಿಲ್ಲ. ಬೆಳಕೊಂದು ಬಿಟ್ಟು ಬೇರೇನೂ ನೆನಪಿರಲಿಲ್ಲ.

ಡಾಕ್ಟರಮ್ಮನ ಕೆಲಸ ಮಿದುಳಿನದು. ಕಣ್ಣು ಬರಿಯ ಕಿಟಕಿ, ನೋಡುವುದು ತಲೆಯ ಹಿಂಭಾಗ ಎನ್ನುತ್ತಿದ್ದರು ಅವರು. ಇಂಗ್ಲಿಷಿನ ಎಂಟರ ಆಕಾರದ ಒಂದು ತಂತಿಸುರುಳಿಯನ್ನು, ಅವರು ಕಾಯಿಲ್ ಅನ್ನುವುದನ್ನು, ಹಿಂದಲೆಗೆ ಹಿಡಿಯುತ್ತಾರೆ. ಟಕ್ ಅನ್ನುತ್ತದೆ. ಆಯಸ್ಕಾಂತದ ಹೊಡೆತ ಮೂಳೆ ದಾಟಿ ಒಳಗೆ ಹೋಗುತ್ತದೆ. ಕಣ್ಣಿಲ್ಲದವನಿಗೂ ಒಂದು ಮಿಂಚು ಕಾಣುತ್ತದೆ. ಎಲ್ಲಿ ಕಂಡಿತು, ಎಷ್ಟು ಹೊತ್ತು, ಯಾವ ಆಕಾರ ಎಂದು ಅವರು ಕೇಳಿ ಬರೆದುಕೊಳ್ಳುತ್ತಾರೆ. ಹೊಸಬರನ್ನು ಪರೀಕ್ಷಿಸಲು ಇನ್ನೊಂದು ಕಾಯಿಲ್ ಇತ್ತು. ನೋಡಲು ಅದರ ಹಾಗೆಯೇ, ಸದ್ದೂ ಅದೇ. ಹೊಡೆತ ಮಾತ್ರ ಇಲ್ಲ. ಯಾರು ನಿಜವಾಗಿ ಕಾಣುತ್ತಾರೆ, ಯಾರು ಸದ್ದಿಗೆ ಹೂಂಗುಟ್ಟುತ್ತಾರೆ ಎಂದು ತಿಳಿಯಲು.

ಭಾವ ನಿಜವಾಗಿ ಕಾಣುತ್ತಿದ್ದವರು. ಆ ಬೆಳಕಿನ ನಡುವೆ ಒಂದು ಕಪ್ಪು ಚುಕ್ಕೆ ಇದೆ, ಅದು ಮಗಳು ಪುಟ್ಟಿಯೇ ಎನ್ನತೊಡಗಿದರು. ಇನ್ನಷ್ಟು ಜೋರು ಕೊಡಿ, ಅವಳ ಮುಖ ಎತ್ತ ಇದೆ ನೋಡುತ್ತೇನೆ ಎಂದರು. ಡಾಕ್ಟರಮ್ಮ ತಿಳಿಹೇಳಿದರು: ಇದು ನೆನಪಲ್ಲ, ಬರೀ ಬೆಳಕು. ಭಾವ ಕೇಳಲಿಲ್ಲ. ಕಳೆದ ಸಲ ಕುರ್ಚಿಯಲ್ಲೇ ಫಿಟ್ಸ್ ಬಂತು. ಇನ್ನು ಬರಬೇಡಿ, ಇನ್ನೊಮ್ಮೆ ಹೀಗಾದರೆ ಜೀವಕ್ಕೇ ಅಪಾಯ ಎಂದು ಅವರು ಕೈಮುಗಿದು ಕಳಿಸಿದ್ದರು.

ಇಂದು ಭಾವ ಡಬ್ಬಿ ಹಿಡಿದು ಬಂದಿದ್ದರು.

ಮಹಡಿ ಹತ್ತಿದೆ. ಕಾರಿಡಾರಿನ ತುಂಬ ಪೊಲೀಸರು. ಇನ್ಸ್‌ಪೆಕ್ಟರು ನನ್ನ ಹಳೆಯ ಗಿರಾಕಿ. ಹಿಂದೊಮ್ಮೆ ನನ್ನನ್ನೇ ಒಳಗೆ ಹಾಕಿದ್ದವನು.

"ನಿನ್ನ ಭಾವನಾ? ಮಾತಾಡೋದಿದ್ರೆ ಈಗಲೇ ಮಾತಾಡು. ಆಮೇಲೆ ಬಾಗಿಲು ಒಡೀತೀನಿ."

"ಒಡೆದ್ರೆ ಬಾಗಿಲು ಒಂದೇ ಒಡೆಯಲ್ಲ ಸಾರ್."

ಅಕ್ಕ ಬಾಗಿಲಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತಿದ್ದಳು. ಎಳೆದರೂ ಏಳಲಿಲ್ಲವಂತೆ. ಅವಳ ತಲೆಯ ಮೇಲಿಂದಲೇ ಬಾಗಿಲು ಬಡಿದೆ.

"ಭಾವ, ನಾನು."

ಒಳಗಿಂದ ದನಿ ಬಂತು. "ನೀನೊಬ್ಬನೇ ಬಾ."

ಡಾಕ್ಟರಮ್ಮ ಚಿಲಕ ತೆಗೆದರು. ಅಕ್ಕ ಕೂತಲ್ಲೇ ಪಕ್ಕಕ್ಕೆ ಸರಿದಳು, ನಾನು ಒಳಗೆ ಹೋದೆ. ಅವರ ಮುಖ ಬಿಳಿಚಿಕೊಂಡಿತ್ತು. ಕಪ್ಪು ಪರದೆಯ ಕೋಣೆ. ಹಲ್ಲಿನ ಡಾಕ್ಟರ ಬಳಿ ಇರುವಂಥ ಕುರ್ಚಿ. ಅದರಲ್ಲಿ ಭಾವ ನೆಟ್ಟಗೆ ಕೂತಿದ್ದರು. ಇಸ್ತ್ರಿ ಹಾಕಿದ ಅಂಗಿ. ಡಬ್ಬಿಯಿಂದ ಹೊರಟ ಎರಡು ವೈರು ಎಡಗೈಯಲ್ಲಿ, ಬ್ಯಾಟರಿ ಬಲಗೈಯಲ್ಲಿ. ಎರಡರ ನಡುವೆ ಒಂದು ಗೇಣು.

ಬಾಗಿಲನ್ನು ನಾನು ಪೂರ್ತಿ ಮುಚ್ಚಲಿಲ್ಲ.

"ಇದೇನು ಭಾವ?"

"ಇವರಿಗೆ ಹೇಳು. ಒಂದೇ ಸಲ, ಪೂರ್ತಿ ಜೋರು. ಆಮೇಲೆ ಏನಾದ್ರೂ ಆಗ್ಲಿ."

"ಸತ್ತೋಗ್ತೀರಿ."

"ನೋಡಿ ಸಾಯ್ತೀನಿ. ನಿಮ್ಮಕ್ಕನಿಗೆ ಹೇಳೋಕೆ ಒಂದು ಮಾತಾದ್ರೂ ಸಿಗತ್ತೆ."

ಡಾಕ್ಟರಮ್ಮ ಮೆಲ್ಲಗೆ ಹೇಳಿದರು. "ನಾನು ಕೊಡಲ್ಲ. ನಿಮ್ಮನ್ನ ನನ್ನ ಕೈಯಾರೆ ಕೊಲ್ಲಲ್ಲ."

ವೈರಿನ ತುದಿ ಬ್ಯಾಟರಿಯ ಹತ್ತಿರ ಸರಿಯಿತು.

ಹಾರಿ ಕೈ ಹಿಡಿಯಬಹುದಿತ್ತು. ಇಂಥ ಕೈಗಳನ್ನು ಬೇಕಾದಷ್ಟು ಹಿಡಿದಿದ್ದೇನೆ. ಆದರೆ ಕುರುಡನ ಕಿವಿ... ನನ್ನ ಮೊದಲ ಹೆಜ್ಜೆಗೇ ಎಲ್ಲ ಮುಗಿಯುತ್ತಿತ್ತು.

ಗೋಡೆಯ ಕೊಕ್ಕೆಯಲ್ಲಿ ಎರಡು ಕಾಯಿಲ್ ತೂಗುತ್ತಿದ್ದವು. ಹಿಂದೆ ಭಾವನ ಜೊತೆ ಬಂದಾಗ ಸುಳ್ಳಿನದು ಯಾವುದೆಂದು ನೋಡಿಟ್ಟುಕೊಂಡಿದ್ದೆ, ಅದನ್ನು ಬೆರಳಲ್ಲಿ ತೋರಿಸಿದೆ. ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದರು. ಮತ್ತೆ ತೋರಿಸಿದೆ. ಮತ್ತೆ ಅದೇ. ಈ ಓದಿದವರ ಪ್ರಾಮಾಣಿಕತೆಗೆ ಬೆಂಕಿ ಬೀಳಲಿ ಅಂದುಕೊಂಡೆ. ಸದ್ದಿಲ್ಲದೆ ಕೈಮುಗಿದೆ.

"ಕೊಡ್ತಾರಂತೆ ಭಾವ," ಅಂದೆ. "ಪೂರ್ತಿ ಜೋರು."

ಡಾಕ್ಟರಮ್ಮ ನನ್ನನ್ನೇ ನೋಡಿದರು. ಆಮೇಲೆ ಸುಳ್ಳಿನ ಕಾಯಿಲನ್ನೇ ತೆಗೆದು, ಭಾವನ ಹಿಂದಲೆಗೆ ಹಿಡಿದರು.

ಟಕ್.

ಭಾವ ಅಲುಗಲಿಲ್ಲ. ಅವರ ಮುಖದಲ್ಲಿ ಏನೋ ಆರಿತು. ಬಾಗಿಲಾಚೆ ಅಕ್ಕನ ಬಳೆಯ ಸದ್ದಾಯಿತು. ಅವಳು ಎದ್ದು ನಿಂತಿರಬೇಕು. ಭಾವ ತಲೆಯನ್ನು ಆ ಕಡೆ ವಾಲಿಸಿದರು.

"ಇನ್ನೊಂದು ಸಲ."

ಟಕ್.

"ಕಾಣ್ತಿದೆ," ಅಂದರು ಭಾವ. ದನಿ ಜೋರಾಗಿತ್ತು, ಕಾರಿಡಾರಿಗೂ ಕೇಳುವಷ್ಟು. "ಬೆನ್ನು ಕಾಣ್ತಿದೆ. ಜಡೆ ಕಾಣ್ತಿದೆ. ಮನೆ ಕಡೆ ತಿರುಗಿದ್ದಾಳೆ... ನಾನು ಕೂಗಿದ್ದು ಕೇಳಿಸ್ಕೊಂಡಿದ್ದಾಳೆ. ಅವಳಿಗೆ ಏನೂ ಗೊತ್ತಾಗ್ಲಿಲ್ಲ ಕಣೇ. ಏನೂ ಗೊತ್ತಾಗ್ಲಿಲ್ಲ."

ಬಾಗಿಲಾಚೆ ಅಕ್ಕ ಅತ್ತಳು. ಮಗು ಹೋದ ದಿನವೂ ಅವಳು ಅತ್ತಿರಲಿಲ್ಲ.

ಭಾವ ಬ್ಯಾಟರಿಯನ್ನು ನನ್ನ ಕಡೆ ಚಾಚಿದರು. ತೆಗೆದುಕೊಂಡೆ. ವೈರು ಬಿಚ್ಚುವುದು ಹೇಗೆಂದು ಅವರೇ ಸಾವಧಾನವಾಗಿ ಹೇಳಿಕೊಟ್ಟರು, ಪಕ್ಕದಲ್ಲಿ ಕೂತು ಕೆಲಸ ಕಲಿಸುವವರ ಹಾಗೆ. ಡಬ್ಬಿಯನ್ನು ಪೊಲೀಸರು ಒಯ್ದರು. ಭಾವನ ಎರಡು ಕೈಗೂ ಕೋಳ ಬಿತ್ತು.

ಮೆಟ್ಟಿಲಿಳಿಯುವಾಗ ನಾನು ಅವರ ತೋಳು ಹಿಡಿದಿದ್ದೆ. ಇನ್ಸ್‌ಪೆಕ್ಟರು ನಾಲ್ಕು ಮೆಟ್ಟಿಲು ಮುಂದಿದ್ದ.

"ಆ ಮಿಷನ್ನು," ಅಂದರು ಭಾವ, ನನಗಷ್ಟೇ ಕೇಳುವ ಹಾಗೆ, "ನಿಜವಾದದ್ದಾದ್ರೆ ತಲೆಗೆ ಬೆರಳಲ್ಲಿ ಮೊಟಕಿದ ಹಾಗೆ ಇರತ್ತೆ. ಇವತ್ತು ಮೊಟಕಲಿಲ್ಲ."

ನನ್ನ ಹೆಜ್ಜೆ ತಪ್ಪಿತು.

"ಡಾಕ್ಟರಮ್ಮನಿಗೂ ಅದು ಗೊತ್ತು. ಪಾಪ, ಅದಕ್ಕೇ ತಡ ಮಾಡಿದ್ರು ಅನ್ಸತ್ತೆ. ನಿನ್ನದೇ ಬುದ್ಧಿ ತಾನೆ?"

ಒಳಗೆ ಡಾಕ್ಟರಮ್ಮ ಬೇಡವೆಂದು ತಲೆಯಾಡಿಸಿದ್ದು ಯಾಕೆಂದು ನನಗೆ ಆಗ ಗೊತ್ತಾಯಿತು.

"ಹಾಗಾದ್ರೆ ಕಂಡಿದ್ದು?"

"ಕತ್ತಲೆ ಕಣೋ. ಏನೂ ಕಾಣ್ಲಿಲ್ಲ. ಇಷ್ಟು ದಿನ ಕಂಡಿದ್ದೂ ಬರೀ ಬೆಳಕೇ ಇರ್ಬೇಕು. ಆ ಅಮ್ಮ ಮೊದ್ಲಿಂದ ಅದನ್ನೇ ಹೇಳ್ತಿದ್ರು." ಒಂದು ಮೆಟ್ಟಿಲು ಇಳಿದರು. "ನಿಮ್ಮಕ್ಕ ಬಾಗಿಲಲ್ಲೇ ಇದ್ಲು. ಅವಳು ಕೇಳಿದ್ದಕ್ಕೆ ಯಾವತ್ತಾದ್ರೂ ಉತ್ತರ ಕೊಡ್ಬೇಕಿತ್ತಲ್ಲ. ಕೊಟ್ಟೆ."

ಕೆಳಗೆ ಜೀಪು ನಿಂತಿತ್ತು. ಅಕ್ಕ ಸೆರಗಿನಿಂದ ಗಂಡನ ಮುಖ ಒರೆಸಿದಳು. ಮಗು ಹೋದ ಮೇಲೆ ಅವಳ ಹುಬ್ಬಿನ ಗಂಟು ಸಡಿಲವಾದದ್ದನ್ನು ನಾನು ನೋಡಿದ್ದು ಆಗಲೇ. ಜೀಪು ಹೊರಟ ಮೇಲೆ ನನ್ನ ಕೈ ಹಿಡಿದು ಕೇಳಿದಳು.

"ನೀನು ಒಳಗೇ ಇದ್ದೆಯಲ್ಲ. ನಿಜವಾಗ್ಲೂ ಕಂಡ್ತಾ ಅವರಿಗೆ?"

ಡಾಕ್ಟರಮ್ಮ ನನ್ನ ಪಕ್ಕದಲ್ಲೇ ನಿಂತಿದ್ದರು. ನಾನು ಬಾಯಿ ತೆರೆಯುವ ಮೊದಲೇ ಅವರೆಂದರು.

"ಕಂಡ್ತು ಅಮ್ಮ. ಚೆನ್ನಾಗಿ ಕಂಡ್ತು."

ನಾನೂ ತಲೆಯಾಡಿಸಿದೆ.

ಆ ದಿನ ಸುಳ್ಳು ಹೇಳಿದವರು ಮೂವರು. ಕೈಗೆ ಕೋಳ ಬಿದ್ದದ್ದು ಆ ಕುರುಡನೊಬ್ಬನಿಗೇ.